ನೀರಿನ ಪಾಳಿ

ಮೆಣಸಗಿಯಲ್ಲಿ ನಾವು ಎಂಟು ಹೆಂಗಸರು ಸಂಘ ಕಟ್ಟಿಕೊಂಡು ವೀಳ್ಯದೆಲೆ ತೋಟ ಮಾಡಿದ್ದೆವು. ಚಪ್ಪಲಿ ಕಳಚದೆ ಯಾರೂ ಒಳಗೆ ಕಾಲಿಡುತ್ತಿರಲಿಲ್ಲ, ಮುಟ್ಟಾದವರಂತೂ ಬೇಲಿಯಾಚೆಯೇ. ಮೂರನೆಯ ವರ್ಷ ಬಳ್ಳಿಗಳು ಬುಡದಲ್ಲೇ ಕೊಳೆತವು.

ಹಿರಿಯಳು ಎಲ್ಲರನ್ನೂ ಸೇರಿಸಿ, “ಮುಟ್ಟಾದಾಗ ತ್ವಾಟದಾಗ ಯಾರ ಕಾಲಿಟ್ಟೀರಿ? ಖರೇ ಹೇಳ್ರಿ,” ಎಂದಳು.

ಎಲ್ಲರಿಗಿಂತ ಕಿರಿಯಳು ಅಳುತ್ತಾ, “ಒಂದ ದಿನ ಬಂದಿದ್ನಿರಿ ಅಕ್ಕಾರ. ಎಲಿ ಕೊಯ್ಯಾಕ ಮಂದಿ ಇರಲಿಲ್ಲ,” ಎಂದಳು.

ಅವತ್ತೇ ಅವಳನ್ನು ಸಂಘದಿಂದ ತೆಗೆದೆವು. ತೆಗೆಯಿರಿ ಎಂದು ಮೊದಲು ಕೈ ಎತ್ತಿದವಳು ನಾನು, ಹೇಡಿ.

ಬಳ್ಳಿ ಕೊಳೆಯುವ ಮುಂಚಿನ ವಾರ ನೀರು ಹಾಯಿಸುವ ಪಾಳಿ ನನ್ನದಿತ್ತು. ನಾನು ಮೋಟಾರು ಬಂದ್ ಮಾಡಲು ಮರೆತದ್ದರಿಂದ ಎರಡು ದಿನ ಬುಡದಲ್ಲಿ ನೀರು ನಿಂತಿತ್ತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನನ್ನ ಮುಟ್ಟು ನಿಂತು ಆಗಲೇ ನಾಲ್ಕು ವರ್ಷವಾಗಿತ್ತು.