ಟ್ರೇಯೊಳಗಿನ ಕನ್ನಡಕ

ರೋಗಿಯ ಹೊಟ್ಟೆಯೊಳಗೆ ಕತ್ತರಿ ಬಿಟ್ಟವಳು ಅವಳೇ ಎಂಬ ಮಾತು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಹುಟ್ಟಿ, ಔಷಧಿ ಅಂಗಡಿಯ ಮುಂದಿನ ಸಾಲನ್ನು ತಲುಪುವಷ್ಟರಲ್ಲಿ ಕೈಕಾಲು ಬೆಳೆಸಿಕೊಂಡಿತ್ತು. ರೋಗಿ ಸತ್ತೇ ಹೋದನೆಂದು ಕೆಲವರು. ಅವಳು ನಿದ್ದೆ ಮಾತ್ರೆ ನುಂಗಿ ಕೆಲಸಕ್ಕೆ ಬರುತ್ತಿದ್ದಳೆಂದು ಇನ್ನು ಕೆಲವರು. ಲಿಫ್ಟಿನಲ್ಲಿ ಒಬ್ಬಾಕೆ, "ನೋಡಿದ್ರೆ ಪಾಪ ಅನ್ಸುತ್ತಂತೆ, ಅಂಥವರೇ ಇಂಥದ್ದು ಮಾಡೋದು" ಎಂದಾಗ ಅವಳು ಆ ಹೆಂಗಸಿನ ಹಿಂದೆಯೇ ನಿಂತಿದ್ದಳು.

ಇದರಲ್ಲಿ ಯಾವುದೂ ನಿಜವಲ್ಲ. ಅವಳು ಆಪರೇಷನ್ ಥಿಯೇಟರಿನೊಳಗೆ ಕಾಲಿಟ್ಟವಳೇ ಅಲ್ಲ. ಅವಳ ಕೆಲಸ ನೆಲಮಾಳಿಗೆಯಲ್ಲಿ, ಬಳಸಿದ ಉಪಕರಣಗಳನ್ನು ತೊಳೆದು, ಪರೀಕ್ಷಿಸಿ, ಟ್ರೇಯಲ್ಲಿ ಜೋಡಿಸಿ, ಬಟ್ಟೆ ಸುತ್ತಿ, ಹಬೆಯ ಯಂತ್ರಕ್ಕೆ ತಳ್ಳುವ ವಿಭಾಗದಲ್ಲಿ. ಯಾರ ಹೊಟ್ಟೆಯಲ್ಲೂ ಏನೂ ಉಳಿದಿರಲಿಲ್ಲ. ಥಿಯೇಟರಿನಲ್ಲಿ ನರ್ಸ್ ಒಂದು ಟ್ರೇಯನ್ನು ಬಿಚ್ಚಿದಾಗ, ಚಿಮುಟಗಳ ಮೇಲೆ ಹೊದಿಸಿದ್ದ ಹಸಿರು ಬಟ್ಟೆಯ ಮಡಿಕೆಯಲ್ಲಿ ಒಂದು ಕನ್ನಡಕವಿತ್ತು. ಹಬೆಯಲ್ಲಿ ಬೆಂದು ಅದರ ಕಾಲುಗಳು ಸೊಟ್ಟಗಾಗಿದ್ದವು. ಅರಿವಳಿಕೆ ಇನ್ನೂ ಕೊಟ್ಟಿರದಿದ್ದ ರೋಗಿ ಬೇರೆ ಟ್ರೇ ಬರುವವರೆಗೆ ಚಾವಣಿ ನೋಡುತ್ತ ಮಲಗಿದ್ದ. ನಡೆದದ್ದು ಇಷ್ಟೇ. ಇಷ್ಟೇ ಎನ್ನುವುದು ಅವಳಿಗೆ ಸಮಾಧಾನ ಕೊಡಲಿಲ್ಲ.

ನಲವತ್ತು ದಾಟಿದ ಈ ಹೆಂಗಸನ್ನು ಮನೆಯಲ್ಲಿ ಬುಗುರಿ ಎಂದು ಕರೆಯುತ್ತಾರೆ. ಇಲ್ಲಿಯೂ ಹಾಗೆಯೇ ಕರೆಯೋಣ. ನೆಲಮಾಳಿಗೆಯಲ್ಲಿ ಅವಳ ಕೈಯನ್ನು ಮೆಚ್ಚದವರಿಲ್ಲ. ಕತ್ತರಿಯ ಬಾಯಿಯನ್ನು ದೀಪದ ಕೆಳಗೆ ಹಿಡಿದರೆ ಕೂದಲೆಳೆಯಷ್ಟು ಸವೆದದ್ದೂ ಅವಳಿಗೆ ಕಾಣುತ್ತದೆ. ಹಾಗೆ ನೋಡಲು ಭೂತಗನ್ನಡಿ ಬೇಕು, ಭೂತಗನ್ನಡಿಗೆ ಕಣ್ಣಿಡಲು ಮುಖದ ಕನ್ನಡಕ ತೆಗೆಯಬೇಕು. ತೆಗೆದ ಕನ್ನಡಕವನ್ನು ಎಲ್ಲಿಡುತ್ತೇನೆಂಬುದು ಮಾತ್ರ ಅವಳಿಗೇ ತಿಳಿಯುತ್ತಿರಲಿಲ್ಲ.

ಆ ವಿಭಾಗದಲ್ಲಿ ಒಂದು ಪದ್ಧತಿಯಿದೆ. ಅದನ್ನು ಅವರು ಕೂಗು ಎನ್ನುತ್ತಾರೆ. ಜೋಡಿಸುವವರು ಪ್ರತಿ ಉಪಕರಣದ ಹೆಸರನ್ನು ಗಟ್ಟಿಯಾಗಿ ಹೇಳಿ ಟ್ರೇಯಲ್ಲಿಡಬೇಕು, ಎದುರಿಗಿರುವ ಜೊತೆಗಾರ ಅದನ್ನು ಮರಳಿ ಹೇಳಬೇಕು. ಕೂಗು ಮುಗಿಯದೆ ಟ್ರೇ ಮುಚ್ಚುವಂತಿಲ್ಲ. ಅಂದೂ ಕೂಗು ತಪ್ಪಿರಲಿಲ್ಲ. ಬುಗುರಿ ಹೇಳಿದ್ದಳು, ನಿವೃತ್ತಿಗೆ ಹತ್ತಿರವಾಗಿದ್ದ ಅವಳ ಜೊತೆಗಾರ ಮರಳಿ ಹೇಳಿದ್ದ. ಆದರೆ ಕೂಗು ಇರುವುದು ಒಳಗೆ ಇರಬೇಕಾದದ್ದಕ್ಕೆ. ಇರಬಾರದ್ದನ್ನು ಯಾರೂ ಕೂಗುವುದಿಲ್ಲ.

ಇದೇ ಮೊದಲಾಗಿದ್ದರೆ ನಗೆಯಲ್ಲಿ ಮುಗಿಯುತ್ತಿತ್ತೇನೋ. ಯಂತ್ರಕ್ಕೆ ಟ್ರೇಗಳನ್ನು ತುಂಬಿ ಗುಂಡಿ ಒತ್ತುವುದನ್ನೇ ಮರೆತದ್ದು, ಅರ್ಧ ಸುತ್ತಿದ ಪೊಟ್ಟಣವನ್ನು ಬಿಟ್ಟು ಫೋನೆತ್ತಲು ಹೋಗಿ ಮರಳಿ ಬಂದಾಗ ಬೇರೆ ಮೇಜಿನ ಮುಂದೆ ಕೂತದ್ದು, ಇವೆಲ್ಲ ಮೇಲ್ವಿಚಾರಕರ ನೆನಪಿನಲ್ಲಿದ್ದವು. ಅವರು ಅವಳನ್ನು ಯಂತ್ರದ ಪಕ್ಕಕ್ಕೆ ಕರೆದರು.

"ನಿಮ್ಮ ಕೈ ಬಗ್ಗೆ ನಂಗೆ ಮಾತಿಲ್ಲಮ್ಮ. ತಲೆ ಎಲ್ಲಿರುತ್ತೆ ಅನ್ನೋದೇ ಗೊತ್ತಾಗ್ತಿಲ್ಲ."

"ನಂಗೂ ಗೊತ್ತಾಗಲ್ಲ ಸರ್."

"ಇದು ತಮಾಷೆ ಅಲ್ಲ. ಸೋಮವಾರ ಮೇಲಿನವರು ಮೀಟಿಂಗ್ ಕೂರ್ತಾರೆ. ಅಷ್ಟರೊಳಗೆ ಮನೋವೈದ್ಯರ ಹತ್ರ ತೋರಿಸ್ಕೊಂಡು, ಏನೂ ಇಲ್ಲ ಅಂತ ಬರೆಸ್ಕೊಂಡು ಬನ್ನಿ. ಕೆಲಸ ಉಳಿಸೋ ಮಾತು ನಾನಾಡ್ತೀನಿ."

"ಇದೆ ಅಂದ್ರೆ?"

ಮೇಲ್ವಿಚಾರಕರು ಯಂತ್ರದ ಮುಳ್ಳಿನತ್ತ ನೋಡಿದರು. "ಇರಲ್ಲ ಬಿಡಿ."

ಮನೆಯಲ್ಲಿ ಅಕ್ಕ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಯಾರದೋ ಕೋಟಿನ ತೋಳನ್ನು ಗಿಡ್ಡ ಮಾಡುತ್ತಿದ್ದಳು. ಅಕ್ಕ ಹೊಲಿಗೆಯವಳು, ಹಳೆಯ ಬಟ್ಟೆಗಳನ್ನು ಹೊಸ ಅಳತೆಗೆ ತರುವುದು ಅವಳ ಕಸುಬು. ಅಪ್ಪ ಅಮ್ಮ ಹೋದ ಮೇಲೆ ಇಬ್ಬರೂ ಒಂದೇ ಮನೆಯಲ್ಲಿದ್ದಾರೆ. ತಂಗಿ ಹೇಳಿದ್ದನ್ನು ಪೂರ್ತಿ ಕೇಳಿ, ಅಕ್ಕ ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು.

"ಚಿಕ್ಕಂದಿನ ವಿಷಯ ಕೇಳ್ತಾರಂತೆ ಅಕ್ಕ. ಮನೆಯವರು ಯಾರಾದ್ರೂ ಬರ್ಬೇಕಂತೆ."

"ನಾನು ಬರ್ತೀನಿ. ಅವರು ಕೇಳಿದ್ದಕ್ಕೆಲ್ಲ ನೀನು ಇಲ್ಲ ಅನ್ನು. ಕೂರಿಸಿದ ಕಡೆ ಕೂತಿರ್ತಿದ್ದ ಮಗು ನೀನು ಅಂತ ನಾನು ಹೇಳ್ತೀನಿ."

"ನಗು ಬರಲ್ವಾ ನಿಂಗೆ?"

"ಬರುತ್ತೆ. ತಡ್ಕೋತೀನಿ."

ಮನೋವೈದ್ಯೆಯ ಕೋಣೆಯ ಹೊರಗೆ ಅವಳ ಕೈಗೊಂದು ಹಾಳೆ ಕೊಟ್ಟರು. ವಯಸ್ಕರಲ್ಲಿ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಲಕ್ಷಣಗಳನ್ನು ಗುರುತಿಸುವ ಪ್ರಾಥಮಿಕ ಪ್ರಶ್ನೆಗಳು ಅದರಲ್ಲಿದ್ದವು. ಪ್ರತಿ ಪ್ರಶ್ನೆಯ ಎದುರಿಗೂ ಎಂದೂ ಇಲ್ಲ ಎಂಬಲ್ಲಿಂದ ತುಂಬಾ ಸಲ ಎಂಬವರೆಗೆ ಚೌಕಗಳು. ಅಕ್ಕ ಪಕ್ಕದಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಪರೀಕ್ಷೆ ಬರೆಯುವ ಮಗುವಿನ ತಾಯಿಯಂತೆ ಎದುರು ಗೋಡೆಯನ್ನೇ ನೋಡುತ್ತಿದ್ದಳು.

ಕೆಲಸದ ಮುಖ್ಯ ಭಾಗ ಮುಗಿದ ಮೇಲೆ ಕೊನೆಯ ಚಿಕ್ಕಪುಟ್ಟ ಸಂಗತಿಗಳು ಕೈತಪ್ಪುತ್ತವೆಯೇ? ಬುಗುರಿಗೆ ಸೊಟ್ಟಗಾದ ಕನ್ನಡಕ ಕಣ್ಣಿಗೆ ಕಟ್ಟಿತು. ಎಂದೂ ಇಲ್ಲ ಎಂದು ಗುರುತು ಹಾಕಿದಳು. ವಸ್ತುಗಳನ್ನು ಎಲ್ಲಿಟ್ಟಿರೆಂದು ತಿಳಿಯದೆ ಹುಡುಕುತ್ತೀರಾ? ಎಂದೂ ಇಲ್ಲ. ತುಂಬ ಹೊತ್ತು ಕೂರಬೇಕಾದಾಗ ಕೈಕಾಲು ಆಡಿಸುತ್ತೀರಾ? ಅಕ್ಕ ಅವಳ ಕುಣಿಯುತ್ತಿದ್ದ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿದಳು. ಎಂದೂ ಇಲ್ಲ. ಮುಂದಿನ ಪ್ರಶ್ನೆಯನ್ನು ಅವಳು ಓದಿದಳು, ಮತ್ತೆ ಓದಿದಳು. ಬಾಗಿಲ ಬಳಿ ಯಾರದೋ ಚಪ್ಪಲಿಯ ಉಂಗುಟ ಕಿತ್ತುಹೋಗಿತ್ತು. ಅದನ್ನು ಒಂದು ಹೊಲಿಗೆಯಲ್ಲಿ ಸರಿ ಮಾಡಬಹುದೆಂದು ಯೋಚಿಸುತ್ತಿರುವಾಗ ಪ್ರಶ್ನೆಯ ಆರಂಭ ಮರೆತುಹೋಯಿತು. ಓದದೆಯೇ ಗುರುತು ಹಾಕಿದಳು.

ಅವಳಿಗಿಂತ ಚಿಕ್ಕವಳಾದ ಮನೋವೈದ್ಯೆ ಹಾಳೆಯನ್ನು ನಿಧಾನವಾಗಿ ನೋಡಿದಳು.

"ಎಲ್ಲಕ್ಕೂ ಎಂದೂ ಇಲ್ಲ. ಈ ಪರೀಕ್ಷೇಲಿ ನಂಗೂ ಇಷ್ಟು ಒಳ್ಳೆ ಮಾರ್ಕ್ಸ್ ಬರಲ್ಲ."

ಯಾರೂ ನಗಲಿಲ್ಲ. ಡಾಕ್ಟರು ಅಕ್ಕನತ್ತ ತಿರುಗಿ, ಇವರು ಚಿಕ್ಕವರಿದ್ದಾಗ ಹೇಗಿದ್ದರು ಎಂದು ಕೇಳಿದಳು. ಅಕ್ಕ ಸೀರೆಯ ಅಂಚನ್ನು ಸರಿಮಾಡಿಕೊಂಡು ಶುರುಮಾಡಿದಳು. ಓದಿನಲ್ಲಿ ಶಿಸ್ತು, ಪುಸ್ತಕಗಳೆಲ್ಲ ಓರಣ, ಕೂರಿಸಿದ ಕಡೆ ಕೂತಿರುತ್ತಿದ್ದಳು, ಹೇಳಿದ್ದನ್ನು ಎರಡನೇ ಸಲ ಹೇಳಬೇಕಾಗಿರಲಿಲ್ಲ. ಸುಳ್ಳು ನುಣ್ಣಗೆ ಹರಿಯುತ್ತಿತ್ತು. ಅದನ್ನು ಕೇಳುತ್ತ ಬುಗುರಿಗೆ ತಾನು ನೋಡಿಯೇ ಇರದ ಯಾವಳೋ ಹುಡುಗಿಯ ಮೇಲೆ ಅಸೂಯೆಯಾಯಿತು. ಕುರ್ಚಿ ಚುಚ್ಚತೊಡಗಿತು. ಕಿಟಕಿಯ ಪರದೆಯ ದಾರ ಗಂಟುಬಿದ್ದು ಪರದೆ ವಾಲಿತ್ತು. ಅವಳು ಯಾವಾಗ ಎದ್ದಳೆಂಬುದು ಅವಳಿಗೇ ತಿಳಿಯಲಿಲ್ಲ. ಗಂಟು ಬಿಡಿಸುತ್ತ ನಿಂತಿದ್ದಳು.

ಅಕ್ಕ ತಲೆ ತಿರುಗಿಸದೆಯೇ, ಬದುಕಿಡೀ ಹೇಳಿದಂತೆ ಹೇಳಿದಳು: "ಏ ಬುಗುರಿ, ಬಂದು ಕೂತ್ಕೋ."

ಹೇಳಿದ್ದು ತನ್ನ ಕಿವಿಗೆ ಬಿದ್ದ ಮೇಲೆ ಅಕ್ಕನ ಮುಖ ಇಳಿದುಹೋಯಿತು.

"ಬುಗುರಿ ಅಂದ್ರಿ," ಎಂದಳು ಡಾಕ್ಟರು.

"ಮನೇಲಿ ಕರಿಯೋದು. ಪ್ರೀತಿಗೆ."

"ಯಾವಾಗಿಂದ?"

ಅಕ್ಕ ತಂಗಿಯತ್ತ ನೋಡಿದಳು. ಆ ನೋಟದಲ್ಲಿದ್ದ ಪ್ರಶ್ನೆ ಸ್ಪಷ್ಟವಾಗಿತ್ತು: ಇನ್ನೂ ಒಂದು ಸುಳ್ಳು ಹೇಳಿದರೆ ಸೋಮವಾರ ದಾಟುತ್ತದೆ, ಹೇಳಲೇ?

ಬುಗುರಿ ದಾರವನ್ನು ಕೈಬಿಟ್ಟಳು. ಪ್ಯಾಕಿಂಗ್ ಮೇಜು ಹೋದರೆ ತನಗೆ ಬೇರೆ ಏನು ಬರುತ್ತದೆಂದು ಅವಳು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು, ಏನೂ ಹೊಳೆದಿರಲಿಲ್ಲ. ಆದರೆ ಈಗ ಅವಳ ಕಣ್ಣ ಮುಂದೆ ಇದ್ದದ್ದು ಚಾವಣಿ ನೋಡುತ್ತ ಮಲಗಿದ್ದ ಆ ರೋಗಿ. ಅವನ ಮುಖವನ್ನು ಅವಳು ಕಂಡಿರಲಿಲ್ಲ. ಆದ್ದರಿಂದ ಅದು ಯಾರ ಮುಖವಾದರೂ ಆಗಬಹುದಿತ್ತು.

"ಆ ಹಾಳೆ ವಾಪಸ್ ಕೊಡಿ ಡಾಕ್ಟ್ರೇ," ಎಂದಳು. "ಮುಂದಿನ ಸಲ ಟ್ರೇಯೊಳಗೆ ಇರೋದು ಬರೀ ಕನ್ನಡಕ ಆಗಿರಲ್ಲ."

ಡಾಕ್ಟರು ಹೊಸ ಹಾಳೆ ಕೊಟ್ಟಳು. ಈ ಸಲ ಗುರುತುಗಳು ಬಲಗಡೆಗೆ ಸರಿಯುತ್ತ ಹೋದವು. ಅತ್ತ ಅಕ್ಕ ಮಾತಾಡತೊಡಗಿದಳು, ಮೊದಲಿನಷ್ಟು ನುಣುಪಾಗಿಯಲ್ಲ.

"ಹೆಸರಿಟ್ಟಿದ್ದು ಅಪ್ಪ, ಕೂತಲ್ಲಿ ಕೂರಲ್ಲ ಅಂತ. ಅಂಗಡಿಗೆ ಕಳಿಸಿದ್ರೆ ದಾರೀಲಿ ಏನೋ ನೋಡ್ಕೊಂಡು ನಿಂತ್ಬಿಡ್ತಿದ್ಲು, ಯಾಕೆ ಬಂದೆ ಅನ್ನೋದೇ ಮರ್ತೋಗ್ತಿತ್ತು. ಅರ್ಧ ಉತ್ತರ ಬರ್ದು ಪೇಪರ್ ಕೊಟ್ಟು ಬರೋಳು. ಹೋಂವರ್ಕ್ ನಾನೇ ಬರ್ದಿದೀನಿ, ಅವಳ ಅಕ್ಷರದ ಥರಾನೇ. ಕಳೆದಿದ್ದೆಲ್ಲ ನಾನು ಕಳೆದೆ ಅಂತಿದ್ದೆ. ಅಪ್ಪ ಹೊಡೀತಿದ್ರಲ್ಲ. ಸುಳ್ಳು ಹೇಳಿ ಹೇಳಿ ಅದೇ ಅಭ್ಯಾಸ ಆಗ್ಬಿಟ್ಟಿದೆ ನಂಗೆ."

"ಒಂದು ಛತ್ರಿ ನಿಜವಾಗ್ಲೂ ನೀನೇ ಕಳೆದಿದ್ದು," ಎಂದಳು ಬುಗುರಿ, ಹಾಳೆಯಿಂದ ತಲೆಯೆತ್ತದೆ.

"ಒಂದೇ ಒಂದು."

ಮುಗಿದ ಮೇಲೆ ಬುಗುರಿ ಕೇಳಿದಳು: "ಇದು ಮಕ್ಕಳಿಗೆ ಬರೋದಲ್ವಾ?"

"ಮಕ್ಕಳು ದೊಡ್ಡವರಾಗ್ತಾರಲ್ಲ," ಎಂದಳು ಡಾಕ್ಟರು. "ಈ ಹಾಳೆ ಜರಡಿ ಇದ್ದ ಹಾಗೆ, ತೀರ್ಪಲ್ಲ. ನೀವು ಜರಡೀಲಿ ಉಳ್ಕೊಂಡಿದೀರಿ, ಅಷ್ಟೇ. ಥೈರಾಯ್ಡ್, ನಿದ್ದೆ, ಆತಂಕ, ಇವುಗಳಿಂದಲೂ ಹೀಗಾಗಬಹುದು. ಅದನ್ನೆಲ್ಲ ನೋಡಿ, ಪೂರ್ತಿ ಪರೀಕ್ಷೆ ಮಾಡಿದ ಮೇಲೇ ಇದೆಯೋ ಇಲ್ಲವೋ ಹೇಳೋದು. ಇದ್ರೆ ಚಿಕಿತ್ಸೆ ಇದೆ. ಏನೂ ಇಲ್ಲ ಅಂತ ಮಾತ್ರ ಈಗ ಬರ್ಕೊಡೋಕಾಗಲ್ಲ. ಕೆಲಸಕ್ಕೆ ಲಾಯಕ್ಕಿಲ್ಲ ಅಂತಲೂ ಬರೆಯಲ್ಲ."

ಅಕ್ಕ ತಂಗಿ ಬಸ್ಸಿನಲ್ಲಿ ಮರಳಿದರು. ಇಳಿಯುವಾಗ ಅಕ್ಕ ಹಿಂತಿರುಗಿ ಸೀಟಿನ ಮೇಲಿದ್ದ ತಂಗಿಯ ಚೀಲವನ್ನು ಎತ್ತಿಕೊಂಡಳು. ಎತ್ತಿಕೊಂಡವಳು ಒಂದು ಕ್ಷಣ ನಿಂತು, ಅದನ್ನು ಅಲ್ಲೇ ಇಟ್ಟು, "ನಿನ್ನ ಚೀಲ" ಎಂದಳು.

ಸೋಮವಾರ ಸಭೆಯ ಬಾಗಿಲು ಮುಚ್ಚಿದ್ದಷ್ಟು ಹೊತ್ತೂ ಬುಗುರಿ ಹೊರಗಿನ ಬೆಂಚಿನಲ್ಲಿದ್ದಳು. ಎದ್ದು ಓಡಾಡಿದರೆ ಅದೂ ಲೆಕ್ಕಕ್ಕೆ ಬರುತ್ತದೆಂದು ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಮೇಲ್ವಿಚಾರಕರು ಹೊರಬಂದರು. ವೈದ್ಯೆಯ ಟಿಪ್ಪಣಿ ಅವರ ಕೈಯಲ್ಲಿತ್ತು.

"ಏನೂ ಇಲ್ಲ ಅಂತ ಬರೆಸ್ಕೊಂಡು ಬನ್ನಿ ಅಂದಿದ್ದೆ."

"ಇದೆಯೋ ಇಲ್ಲವೋ ಇನ್ನೂ ಗೊತ್ತಿಲ್ಲ ಸರ್. ಟ್ರೇ ಒಳಗೆ ಕನ್ನಡಕ ಇದ್ದದ್ದಂತೂ ಹೌದಲ್ವಾ."

ಅವರು ಟಿಪ್ಪಣಿಯನ್ನು ಮತ್ತೊಮ್ಮೆ ಓದಿದರು. ಒಳಗಿದ್ದವರಲ್ಲಿ ಒಬ್ಬರು ಅವಳನ್ನು ತೆಗೆಯಬೇಕೆಂದು ಪಟ್ಟು ಹಿಡಿದಿದ್ದರೆಂದೂ, ಇನ್ನೊಬ್ಬರು ವೈದ್ಯೆಯ ಅಂತಿಮ ವರದಿ ಬರಲಿ ಎಂದರೆಂದೂ ಹೇಳಿದರು. ತಾವು ಏನು ಹೇಳಿದೆವೆಂಬುದನ್ನು ಹೇಳಲಿಲ್ಲ. "ಸದ್ಯಕ್ಕೆ ತೊಳೆಯೋ ಕಡೆ ಹೋಗಿ," ಎಂದಷ್ಟೇ ನುಡಿದು ಲಿಫ್ಟಿನತ್ತ ನಡೆದರು.

ಅವಳ ಹಳೆಯ ಮೇಜಿನಲ್ಲಿ ಈಗ ಜೊತೆಗಾರ ಕೂಗಿನ ಕೊನೆಗೆ ಒಂದು ಸಾಲು ಸೇರಿಸಿದ್ದಾನೆ. ಟ್ರೇ ಮುಚ್ಚುವ ಮುನ್ನ ಅವನು ಮೂಗು ಮುಟ್ಟಿಕೊಂಡು, "ಕನ್ನಡಕ ಮುಖದ ಮೇಲೆ" ಎನ್ನುತ್ತಾನೆ. ಮೊದಲು ಅದು ಅವಳನ್ನು ರೇಗಿಸಲು ಹೇಳಿದ್ದು. ಈಗ ಉಳಿದವರೂ ಹೇಳುತ್ತಾರೆ, ಯಾರೂ ನಗುವುದಿಲ್ಲ.

ಬುಗುರಿ ಗಾಜಿನ ಗೋಡೆಯ ಈಚೆ, ತೊಳೆಯುವ ತೊಟ್ಟಿಗಳ ಬಳಿ ಇದ್ದಾಳೆ. ಥೈರಾಯ್ಡ್ ವರದಿ ಸರಿಯಾಗಿದೆ. ಪೂರ್ಣ ಪರೀಕ್ಷೆಯ ಒಂದು ಭೇಟಿ ಮುಗಿದಿದೆ, ಇನ್ನೊಂದು ಬಾಕಿಯಿದೆ. ಅದಕ್ಕೂ ಅಕ್ಕ ಹೋಗುತ್ತಾಳೆ. ಪ್ಯಾಕಿಂಗ್ ಮೇಜಿಗೆ ಅವಳು ಮರಳುವಳೋ ಇಲ್ಲವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.