ಹಸಿ ಮಾರ್ಟಿನೊ ತಿನ್ನಲು ಬರ್ಕ್ಲಿಗೆ

ಶನಿವಾರ ಬೆಳಿಗ್ಗೆ ಹತ್ತಕ್ಕೆ ನೆವಾರ್ಕಿನ ಮನೆ ಬಿಟ್ಟೆವು, ನಾನು ಮತ್ತು ಮಂಗಳೂರಿನಿಂದ ಬಂದಿದ್ದ ಅಮ್ಮ. ಫ್ರೀಮಾಂಟ್ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿ ರೈಲು ಹತ್ತಿದೆವು. ನಾರ್ತ್ ಬರ್ಕ್ಲಿಗೆ ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ಟಿಕೆಟ್ಟಿನ ದರ ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ನಡೆದೇ ಹೋಗೋಣ ಎನ್ನುತ್ತಿದ್ದಳು.

ಹೊರಟಿದ್ದು ಲುಕ್ ಅವರ ಮನೆಗೆ. ಬೆಲ್ಜಿಯಮ್ಮಿನವರು, ನನ್ನ ಹಳೆಯ ಆಫೀಸಿನಲ್ಲಿದ್ದು ನಿವೃತ್ತರಾದವರು. ಹೆಂಡತಿ ಮಿಯಾ ಆರು ತಿಂಗಳ ಹಿಂದೆ ತೀರಿಕೊಂಡಿದ್ದರು. ಈ ಶನಿವಾರ ಮಿಯಾರ ಹುಟ್ಟುಹಬ್ಬ. ಪ್ರತಿ ವರ್ಷ ಆ ದಿನ ಗಂಡ ಹೆಂಡತಿ ತಮ್ಮ ದೇಶದ ಮಾರ್ಟಿನೊ ತಿನ್ನುತ್ತಿದ್ದರು. ನುಣ್ಣಗೆ ಕೊಚ್ಚಿದ ಹಸಿ ದನದ ಮಾಂಸಕ್ಕೆ ಸಾಸಿವೆ, ಖಾರದ ಸಾಸು, ಉಪ್ಪು ಹಾಕಿದ ಪುಟ್ಟ ಮೀನು ಬೆರೆಸಿ ಉದ್ದ ಬ್ರೆಡ್ಡಿನೊಳಗೆ ತುಂಬಿದ ಸ್ಯಾಂಡ್‌ವಿಚ್ಚು ಅದು. ಇದು ಹುಟ್ಟಿದ್ದು ತನ್ನ ಗೆಂಟ್ ಊರಿನಲ್ಲಿ ಎಂದು ಮಿಯಾ, ಅಲ್ಲ, ತನ್ನ ಆಂಟ್‌ವರ್ಪಿನಲ್ಲಿ ಎಂದು ಲುಕ್. ಆ ಎರಡು ಊರುಗಳೂ ಹಾಗೇ ಹೇಳಿಕೊಳ್ಳುತ್ತವಂತೆ. ನಲವತ್ತು ವರ್ಷದ ಈ ಜಗಳ ಕೇಳಿ ಕೇಳಿ ನನಗೇ ತಲೆ ಚಿಟ್ಟು ಹಿಡಿದಿತ್ತು.

"ಒಬ್ಬನೇ ತಿನ್ನೋಕಾಗಲ್ಲ, ಬರ್ತೀಯಾ?" ಎಂದು ಹೋದ ವಾರ ಫೋನು ಬಂತು. ಮಿಯಾ ಹೋದ ಮೇಲೆ ಅವರು ಹಾಲಿಗೆ ಕಾರ್ನ್‌ಫ್ಲೇಕ್ಸ್ ಹಾಕಿಕೊಂಡೇ ದಿನ ದೂಡುತ್ತಿದ್ದರು. ಒಂದು ಊಟವನ್ನಾದರೂ ಹೊಟ್ಟೆ ತುಂಬ ಮಾಡಲಿ ಎಂದು ಹಸಿ ಮಾಂಸಕ್ಕೂ ಹೂಂ ಅಂದುಬಿಟ್ಟೆ.

"ಹಸಿಯಾ?" ಯೂನಿಯನ್ ಸಿಟಿ ದಾಟುವಾಗ ಅಮ್ಮ ಮತ್ತೆ ಕೇಳಿದಳು. ನಾವು ಆಡಿದ್ದು ಕೊಂಕಣಿ, ಇಲ್ಲಿ ಕನ್ನಡ ಮಾಡಿದ್ದೇನೆ. "ಕ್ರಿಸ್ಮಸ್ಸಿಗೆ ನಾವೂ ದನದ ಮಾಂಸ ಮಾಡುದಿಲ್ವಾ? ಬೇಯಿಸಿ ಮಾಡ್ತೇವಲ್ಲ ಮಗಾ!"

"ನೀನು ತಿನ್ನುದು ಬೇಡ ಅಮ್ಮಾ. ಸುಮ್ಮನೆ ಕೂತ್ಕೋ."

ಅವಳು ನಿಜಕ್ಕೂ ಸುಮ್ಮನೆ ಕೂತಳು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಬರ್ಕ್ಲಿಯಲ್ಲಿ ಮಂಜು, ಚಳಿ. ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದೆವು. ಬಾಗಿಲು ತೆರೆದ ಲುಕ್‌ರ ಅಂಗಿ ಮೈಮೇಲೆ ಜೋತಾಡುತ್ತಿತ್ತು. ಅಡುಗೆಮನೆಯಲ್ಲಿ ಕಲಸಿಟ್ಟ ಕೆಂಪು ಮಾಂಸ, ಪಕ್ಕದಲ್ಲಿ ಮೂರು ಬ್ರೆಡ್ಡು. ನಮ್ಮ ಕ್ರೈಸ್ತರ ಮನೆಗಳ ಖಾರದ ಬಫಾತ್ ಪುಡಿಯ ಬಾಟಲಿಯನ್ನು ಅಮ್ಮ ಉಡುಗೊರೆ ಕೊಟ್ಟಳು. ಮಿಯಾಳ ಗುಲಾಬಿ ತೋರಿಸುತ್ತೇನೆಂದು ಲುಕ್ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ಅಲ್ಲಿ ಏನೋ ಹೇಳಲು ಬಾಯಿ ತೆರೆದವರು ಬಗ್ಗಿ ಕಳೆ ಕೀಳತೊಡಗಿದರು. ಅಷ್ಟರಲ್ಲಿ ಈರುಳ್ಳಿ ಹುರಿಯುವ ಘಮ, ಹಿಂದೆಯೇ ಬಫಾತಿನ ಘಾಟು. ಅಯ್ಯೋ ದೇವರೇ! ನಾನು ಓಡಿದೆ.

ಅಮ್ಮ ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಂತಿದ್ದಳು. ಬಾಣಲೆಯಲ್ಲಿ ಅಷ್ಟೂ ಮಾಂಸ ಚುರುಗುಟ್ಟುತ್ತಿತ್ತು.

"ಅಮ್ಮಾ, ಎಂಥ ಮಾಡಿಬಿಟ್ಟೆ!"

"ಮತ್ತೆ? ಸಾವಾದ ಮನೆಗೆ ಮೊದಲ ಸಲ ಬಂದು ಕೈಕಟ್ಟಿ ಕೂರುದುಂಟಾ? ಪಾಪ, ಬೇಯಿಸಿ ಹಾಕುವವರಿಲ್ಲದೆ ಹಸಿಯೇ ತಿನ್ತಾರೆ."

ಲುಕ್ ನನ್ನ ಹಿಂದೆಯೇ ನಿಂತಿದ್ದರು. ಅವರ ಮುಖ ನೋಡಿ ಅಮ್ಮನ ಸೌಟು ನಿಂತಿತು. ನಾಚಿಕೆಯಿಂದ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಒಂದು ಬ್ರೆಡ್ಡು ಸೀಳಿ, ಬಾಣಲೆಯಿಂದಲೇ ತುಂಬಿಕೊಂಡು, ನಿಂತಲ್ಲೇ ಕಚ್ಚಿದರು. ಅದನ್ನು ಪೂರ್ತಿ ತಿಂದು ಇನ್ನೊಂದಕ್ಕೆ ಕೈ ಹಾಕಿದರು.

"ಬೆಳಿಗ್ಗೆ ಕಲಸಿ ರುಚಿ ನೋಡಿದೆ. ಥೇಟ್ ಮಿಯಾಳ ಕೈರುಚಿಯೇ. ನುಂಗೋಕಾಗಲಿಲ್ಲ," ಎಂದರು. "ನಿಮ್ಮನ್ನ ಹಾಗೇ ವಾಪಸ್ ಕಳಿಸಿಬಿಡೋಣ ಅಂತಿದ್ದೆ. ಇದನ್ನ ತಿನ್ನಬಹುದು."

ನನಗೆ ಅಳು ತಡೆಯಲಾಗಲಿಲ್ಲ. ಅಮ್ಮ ಅವರ ಬೆನ್ನು ಸವರಿದಳು.

ಮೂರು ಗಂಟೆಗೆ ಹೊರಟೆವು. ರೈಲಿನಲ್ಲಿ ನನ್ನಿಂದ ಆ ಜಗಳದ ಕತೆ ಕೇಳಿದ್ದ ಅಮ್ಮ ಗೇಟಿನಲ್ಲಿ ನಿಂತು, "ಕಡೆಗೆ ಈ ಮಾರ್ಟಿನೊ ಯಾರ ಊರಿನದ್ದಂತೆ, ಕೇಳು," ಎಂದಳು. ಬೇಡವೆಂದರೂ ಬಿಡಲಿಲ್ಲ, ಕೇಳಿದೆ.

"ಗೆಂಟ್," ಅಂದರು ಲುಕ್. "ಹೋದ ವರ್ಷವೇ ಅವಳ ಹತ್ತಿರ ಒಪ್ಪಿಕೊಳ್ಳೋಣ ಅಂತಿದ್ದೆ. ಒಪ್ಪಿಬಿಟ್ಟರೆ ಈ ವರ್ಷ ಜಗಳಕ್ಕೆ ಏನಿರುತ್ತೆ ಅಂತ ಸುಮ್ಮನಾದೆ."