ಕರೆಂಟ್ ಹೋದ ಮೇಲೆ ಅಂದಾನೆಪ್ಪನವರ ಆಟ

ಕಡಿದ ಎಳೆಯ ಎರಡು ತುದಿಗಳನ್ನು ಬೆರಳಲ್ಲಿ ಹೊಸೆದು ಗಂಟು ಹಾಕುತ್ತ ಅಂದಾನೆಪ್ಪ ಕೇಳುತ್ತಾರೆ: “ರಾಕ್ಷಸ ಬಾಗಲಾ ಬಡ್ಯಾಕ ಹತ್ಯಾನ. ಏನ್ ಮಾಡ್ತಿ, ಯಮನಪ್ಪ?” ಕೇಳುವಾಗ ಅವರ ಕೈ ನಿಲ್ಲುವುದಿಲ್ಲ. ಉತ್ತರಕ್ಕೆ ಮಾತ್ರ ಮಗ್ಗದಿಂದ ಮುಖ ಎತ್ತುತ್ತಾರೆ.

“ಒಳಗ ಬಾ, ಬಿಸಿ ಭಜಿ ಅದಾವ, ಕುಂಡ್ರು ಅಂತೇನಿ,” ಎನ್ನುತ್ತಾನೆ ಪಕ್ಕದ ಮಗ್ಗದ ಯಮನಪ್ಪ.

“ಅಂವನ ಕಡೆ ರೊಕ್ಕ ಇಲ್ಲ.”

“ರೊಕ್ಕ ಇಲ್ಲದ ರಾಕ್ಷಸರು ನಮ್ಮ ಓಣ್ಯಾಗೂ ಅದಾರ ಬಿಡ್ರಿ ಕಾಕಾ. ಉದ್ರಿ ಕೊಡ್ತೇನಿ.”

ರಾಮದುರ್ಗದ ಈ ಮಗ್ಗದ ಶೆಡ್ಡಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ರಾತ್ರಿಯೆಲ್ಲ ಬಡಿದುಕೊಂಡ ಮಗ್ಗಗಳು ಆರಕ್ಕೆ ಕರೆಂಟ್ ಹೋದದ್ದೇ ಬಾಯಿ ಮುಚ್ಚಿವೆ. ಮತ್ತೆ ಬರುವುದು ಒಂಬತ್ತಕ್ಕೆ, ಬಂದರೆ. ಮನೆಗೆ ಹೋಗಿ ಮಲಗಿದರೆ ಎದ್ದು ಬರಲು ಮನಸ್ಸಾಗದು. ಇಲ್ಲೇ ಮಲಗೋಣವೆಂದರೆ ಸೊಳ್ಳೆ. ಹೀಗೆ ಯಾವುದಕ್ಕೂ ಒದಗದ ಹೊತ್ತಿನಲ್ಲಿ ಒಂಬತ್ತು ವರ್ಷಗಳಿಂದ ಒಂದು ಆಟ ನಡೆದಿದೆ. ಅದನ್ನು ಆಡಿಸುವವರು ಸಂಪಗಾಂವದಿಂದ ಹರೆಯದಲ್ಲಿ ನೇಯ್ಗೆ ಕಲಿಯಲು ಬಂದು ಇಲ್ಲಿಯವರೇ ಆದ, ಐವತ್ತು ದಾಟಿದ ಅಂದಾನೆಪ್ಪ.

ಈ ಆಟಕ್ಕೆ ಮಣೆ ಇಲ್ಲ, ಕಾಯಿ ಇಲ್ಲ. ಆಡುವವರು ಒಬ್ಬೊಬ್ಬರೂ ತಮಗೆ ಬೇಕಾದ ಒಂದು ಪಾತ್ರವಾಗುತ್ತಾರೆ. ಎದುರಿಗೆ ಏನು ಬಂತೆಂದು ಅಂದಾನೆಪ್ಪ ಹೇಳುತ್ತಾರೆ. ಅದಕ್ಕೆ ಏನು ಮಾಡುವುದೆಂದು ಪಾತ್ರದವರೇ ಹೇಳಬೇಕು. ಮಾಡಹೊರಟದ್ದು ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ಪಗಡೆಯ ದಾಳ ಉರುಳುತ್ತದೆ. ಗೆದ್ದವರು ಸೋತವರು ಎಂದೇನಿಲ್ಲ. ಕಥೆ ಮುಂದಕ್ಕೆ ಹೋದರೆ ಆಯಿತು.

ಇದನ್ನು ಇಲ್ಲಿಗೆ ತಂದವನು ಶೆಡ್ಡಿನ ಲೆಕ್ಕ ಬರೆಯುವ ಕೃಷ್ಣಾಜಿಯವರ ಅಕ್ಕನ ಮಗ ಭರತ. ಬೆಳಗಾವಿಯ ಕಾಲೇಜು ಹಾಸ್ಟೆಲಿನಿಂದ ಸೂಟಿಗೆ ಬಂದಾಗ ದಪ್ಪನೆಯ ಒಂದು ಇಂಗ್ಲಿಷ್ ಪುಸ್ತಕ ತಂದಿದ್ದ. ಜೊತೆಗೆ ಮಡಚಿ ನಿಲ್ಲಿಸುವ ರಟ್ಟಿನ ಪರದೆ. ಆಡಿಸುವವನು ಅದರ ಹಿಂದೆ ಗುಟ್ಟುಗಳನ್ನು ಮುಚ್ಚಿಟ್ಟುಕೊಳ್ಳಬೇಕಂತೆ. ಇವರು ಅದನ್ನು ಸ್ಟೋವಿಗೆ ಗಾಳಿ ತಾಗದಂತೆ ನಿಲ್ಲಿಸಿ ಚಹಾ ಕಾಸಿದರು. ಸೂಟಿ ಮುಗಿದು ಭರತ ಹೋದ, ಪುಸ್ತಕವೂ ಹೋಯಿತು. “ಕಾಯ್ದೆ ಎಲ್ಲಾ ಮರತ ಹೋದ್ವು ನೋಡ್ರಿ,” ಎಂದು ಕೃಷ್ಣಾಜಿ ಆಟ ನೋಡಲು ಬಂದ ನನ್ನ ಕಡೆ ತಿರುಗಿ ನಗುತ್ತಾರೆ. “ಅಂದಾನೆಪ್ಪ ಒಂದ ಕಾಯ್ದೆ ಇಟಗೊಂಡಾನ. ಯಾರ ಪಾತ್ರದ ಮಾತು ಅವರ ಬಾಯಿಂದನ ಬರಬೇಕು.”

ಹಗಲೆಲ್ಲ ಪೈಸೆಗೆ ಪೈಸೆ ಹೊಂದಿಸುವ ಕೃಷ್ಣಾಜಿ ಆಟದಲ್ಲಿ ಕಳ್ಳ. ಯಮನಪ್ಪನಿಗೆ ಕತ್ತಿಕಾಳಗ ಬೇಡವಾಗಿತ್ತು, ಭಜಿ ಅಂಗಡಿ ಬೇಕಿತ್ತು; ಕೊಟ್ಟರು. ಕಂಡಿಕೆಗೆ ನೂಲು ಸುತ್ತುವ ತಾಯವ್ವ ಜಗಜಟ್ಟಿ. “ಮನ್ಯಾಗ ಯಾರಿಗೂ ಒಂದು ಏಟು ಹಾಕಾಕ ಆಗೂದಿಲ್ಲರಿ ಅವ್ವಾರ, ಇಲ್ಲೆ ಹಾಕ್ತೇನಿ,” ಎಂದು ಆಕೆ ನನಗೆ ತೋಳು ತೋರಿಸುತ್ತಾರೆ.

ಮಗ್ಗದ ಸದ್ದಿಗೆ ಅಂದಾನೆಪ್ಪನವರ ಕಿವಿ ಮಂದವಾಗಿದೆ. ಅದಕ್ಕೆ ಮಾತಾಡುವವರ ಬಾಯನ್ನೇ ದಿಟ್ಟಿಸುತ್ತಾರೆ. ಹಾಗೆ ದಿಟ್ಟಿಸಿ ಕೇಳಿಸಿಕೊಳ್ಳುವವರು ಇವರಿಗೆ ಬೇರೆಲ್ಲಿ ಸಿಗಬೇಕು? ಆದರೆ ಕೇಳಿಸಿಕೊಳ್ಳುವವರಿಗೆ ದಣಿವಿದೆ. ರಾತ್ರಿಯ ನೇಯ್ಗೆ ಮೊಣಕಾಲಲ್ಲಿ ಉಳಿದಿರುತ್ತದೆ, ಕಣ್ಣು ಉರಿಯುತ್ತಿರುತ್ತದೆ. “ಇವರಿಗೆ ಕಾಡ ಬೇಕಂದ್ರ ಕಾಡ, ಹೊಳಿ ಬೇಕಂದ್ರ ಹೊಳಿ. ಎಲ್ಲಾ ತಲಿಯಾಗ ಹೊತ್ತ ತಿರಗಬೇಕ್ರಿ. ಒಂದಿನ ಯಾರರೆ ಆಡಸ್ಲಿ, ನಾನೂ ಸುಮ್ಮನ ಕುಂತ ಆಡಬೇಕು ಅನಸ್ತದ,” ಎನ್ನುತ್ತಾರೆ. ಹಾಗೆ ಆಡಿಸುವವರು ಇದುವರೆಗೆ ಯಾರೂ ಹುಟ್ಟಿಲ್ಲ.

ಈಗ ಆಟಕ್ಕೇ ಕುತ್ತು ಬಂದಿದೆ. ಮಾಲೀಕರು ಜನರೇಟರ್ ತರಿಸುತ್ತಿದ್ದಾರೆ. ಅದಕ್ಕೆ ಹಾಕಿದ ಸಿಮೆಂಟಿನ ಕಟ್ಟೆ ಹಿತ್ತಲಲ್ಲಿ ಆರುತ್ತಿದೆ. ಸೋಮವಾರದಿಂದ ಮಗ್ಗ ನಿಲ್ಲುವುದಿಲ್ಲ. ನೇಯ್ದಷ್ಟಕ್ಕೆ ಕೂಲಿ ಎಣಿಸಿಕೊಳ್ಳುವವರು ಇದನ್ನು ಬೇಡವೆನ್ನಲಾರರು, ಅನ್ನುವುದೂ ಇಲ್ಲ. ಸಂಕಟವೆಂದರೆ ಕಥೆ ಅರ್ಧಕ್ಕೇ ನಿಂತಿದೆ. ನಿಂತು ಮೂರು ವರ್ಷವಾಯಿತು.

ಸಿದ್ದಲಿಂಗವ್ವ ಎಂಬುವರು ಇಲ್ಲಿ ತಾಯವ್ವನ ಜೊತೆ ನೂಲು ಸುತ್ತುತ್ತಿದ್ದರು. ಆಟದಲ್ಲಿ ಅವರು ದೀವಟಿಗೆ ಹಿಡಿದು ದಾರಿ ತೋರಿಸುವವಳು. ಅವತ್ತು ಭಾರೀ ಕೊಳ್ಳವೊಂದರ ಮೇಲೆ ಹಗ್ಗದ ಸೇತುವೆ. ಕಳ್ಳ, ಜಟ್ಟಿ, ಭಜಿಯವ ಮೂವರೂ ನಡುಸೇತುವೆಯಲ್ಲಿದ್ದಾರೆ. ದಂಡೆಯಲ್ಲಿ ದೀವಟಿಗೆಯವಳು ಹಗ್ಗ ಹಿಡಿದು ನಿಂತಿದ್ದಾಳೆ. ಕೊಳ್ಳದ ಭೂತ ಕೂಗಿತು: ‘ಹಗ್ಗ ಬಿಡು, ನಿನ್ನನ್ನು ನಿನ್ನ ತೌರಿಗೆ ಮುಟ್ಟಿಸುತ್ತೇನೆ.’ ಏನು ಮಾಡುತ್ತಿ ಎಂದು ಅಂದಾನೆಪ್ಪ ಕೇಳಿದರು. ಸಿದ್ದಲಿಂಗವ್ವ ಬಾಯಿ ತೆರೆದರು. ಅಷ್ಟರಲ್ಲಿ ಕರೆಂಟ್ ಬಂತು. ಎಲ್ಲರೂ ಮಗ್ಗಗಳಿಗೆ ಓಡಿದರು. ಮರುದಿನ ಆಕೆ ಬರಲಿಲ್ಲ. ಗಂಡ ರಾತ್ರೋರಾತ್ರಿ ಗಂಟುಮೂಟೆ ಕಟ್ಟಿಸಿ ಇಚಲಕರಂಜಿಯ ಮಗ್ಗಗಳಿಗೆ ಕರೆದುಕೊಂಡು ಹೋಗಿದ್ದ.

ಅಂದಿನಿಂದ ಮೂವರೂ ಸೇತುವೆಯ ಮೇಲೆಯೇ ಇದ್ದಾರೆ. ಮುಂದೆ ಹೋಗುವಂತಿಲ್ಲವೆಂದು ಸೇತುವೆ ಹತ್ತುವ ಮೊದಲಿನ ದಿನಗಳನ್ನೇ ಆಡುತ್ತಾರೆ.

“ಹಗ್ಗ ಹಿಡದ್ಲು ಅಂತ ನೀವ ಹೇಳಿಬಿಡ್ರಿ ಕಾಕಾ, ಕಥಿ ಮುಗೀತದ,” ಎಂದು ಯಮನಪ್ಪ ಇವತ್ತೂ ಗೋಗರೆಯುತ್ತಾನೆ.

“ಹೇಳಾಕ ನಾ ಯಾರು?”

“ಹಿಡದ ಹಿಡೀತಾಳ ತಗೊಳ್ರಿ ಅಣ್ಣಾರ,” ಎನ್ನುತ್ತಾರೆ ತಾಯವ್ವ. “ಹುಟ್ಟಿದಾಗಿಂದ ಬರೇ ಹಿಡಕೊಂತನ ಬಂದಾಳ.”

“ಅದಕ್ಕ ಕೇಳಬೇಕು, ತಂಗಿ. ಎಲ್ಲೂ ಯಾರೂ ಆಕೀನ್ನ ಕೇಳಿಲ್ಲ. ಇಲ್ಲೆ ಒಂದ ಕೇಳ್ತಿದ್ವಿ.”

ಹಾಗಾದರೆ ಇಷ್ಟು ವರ್ಷ ಏಕೆ ಕೇಳಲಿಲ್ಲ? ವಿಳಾಸವನ್ನು ಕೃಷ್ಣಾಜಿ ಎಂದೋ ತರಿಸಿಕೊಟ್ಟಿದ್ದಾರೆ. ಸಾಕ್ಷರತಾ ಕ್ಲಾಸಿಗೆ ಹೋಗಿ ಕಲಿತ ಸಿದ್ದಲಿಂಗವ್ವನಿಗೆ ಓದು ಬರಹ ಬರುತ್ತದೆ. ಅಂದಾನೆಪ್ಪ ಕಡಿದ ಮತ್ತೊಂದು ಎಳೆಗೆ ಗಂಟು ಹಾಕುತ್ತಾರೆ. “ಬಿಟ್ಟೆ ಅಂತ ಬರದ್ರ?” ಎನ್ನುತ್ತಾರೆ. “ಈ ಮೂರೂ ಮಂದಿ ಕೊಳ್ಳಾ ಸೇರ್ತಾರ. ಇವರ ಮಾರಿ ಹೆಂಗ ನೋಡ್ಲಿ?”

ಇದು ಉಳಿದ ಮೂವರಿಗೂ ಹೊಸ ಸಂಗತಿ.

“ಬಿಟ್ರ ಬಿಡ್ಲಿ,” ಎನ್ನುತ್ತಾರೆ ತಾಯವ್ವ. “ಬೀಳ್ತೇವಿ. ತೌರಿಗೆ ಹೋಗಾಕ ಆಸೆ ಆದ್ರ ಹೋಗ್ಲಿ. ಬರೀರಿ ನೀವು.”

“ನನಗೂ ಅಡ್ಡಿ ಇಲ್ಲ,” ಎನ್ನುತ್ತಾರೆ ಕೃಷ್ಣಾಜಿ. “ಕಳ್ಳ ಹೆಂಗೂ ಒಂದಿನ ಬೀಳಾಂವನ.”

ಒಂದು ಇನ್‌ಲ್ಯಾಂಡ್ ಪತ್ರವೂ ಅವರ ಮೇಜಿನಿಂದಲೇ ಬರುತ್ತದೆ. ಅಂದಾನೆಪ್ಪ ಮಗ್ಗದ ಪಟ್ಟಿಯ ಮೇಲಿಟ್ಟು ನಿಧಾನವಾಗಿ ಬರೆದು, ಗಟ್ಟಿಯಾಗಿ ಓದುತ್ತಾರೆ: “ಸಿದ್ದಲಿಂಗವ್ವಗ ಅಂದಾನೆಪ್ಪನ ಶರಣು. ನಿನ್ನ ದೀವಟಿಗಿಯಾಕಿ ಇನ್ನೂ ದಂಡಿ ಮ್ಯಾಲ ನಿಂತಾಳ. ಹಗ್ಗ ಕೈಯಾಗ ಐತಿ. ಆಕೀ ಪರವಾಗಿ ಯಾರೂ ಮಾತಾಡಿಲ್ಲ. ಹಿಡದ್ರೂ ಸೈ, ಬಿಟ್ರೂ ಸೈ. ನಿನ್ನ ಮನಸಿಗೆ ಬಂದದ್ದು ಬರಿ.”

“ಭಜಿಯಂವಗ ಸಣ್ಣ ಸಣ್ಣ ಮಕ್ಕಳದಾವ ಅಂತ ಒಂದ ಸಾಲು ಸೇರಸ್ರಿ ಕಾಕಾ.”

“ಸೇರಸಂಗಿಲ್ಲ.”

“ಎಳ್ಳಷ್ಟು ಕನಿಕರ ಇಲ್ಲ ನೋಡ್ರಿ ಅವ್ವಾರ, ಇವರಿಗೆ!”

ಒಂಬತ್ತು ದಾಟಿದರೂ ಕರೆಂಟಿನ ಸುಳಿವಿಲ್ಲ. ಅಂದಾನೆಪ್ಪ ಪತ್ರದ ಅಂಟು ಸರಿಯಾಗಿ ಕೂತಿದೆಯೇ ಎಂದು ಉಗುರಿನಿಂದ ಒತ್ತಿ ನೋಡಿ, ಅಂಗಿಗೆ ಅಂಟಿದ ಹತ್ತಿ ಕೊಡವಿಕೊಂಡು ಓಣಿಯ ತಿರುವಿಗೆ ನಡೆಯುತ್ತಾರೆ. ಮೊಣಕಾಲು ನೋವಿಗೆ ನಡುವೆ ಒಂದು ಕಟ್ಟೆಗೆ ಕೈ ಊರಿ ನಿಲ್ಲುತ್ತಾರೆ. ಅಂಚೆ ಡಬ್ಬಿಯ ಬಾಯಿಗೆ ಪತ್ರ ಇಟ್ಟ ಮೇಲೂ ತುದಿಯನ್ನು ಒಂದಿಷ್ಟು ಹೊತ್ತು ಬಿಡುವುದಿಲ್ಲ. ಆಮೇಲೆ ಬಿಡುತ್ತಾರೆ. ಅದು ಬಿದ್ದ ಸದ್ದು ಅವರ ಕಿವಿಗೆ ಕೇಳಿಸಿರಲಾರದು; ಡಬ್ಬಿಯ ಮೇಲೆ ಅಂಗೈ ಇಟ್ಟು ನೋಡುತ್ತಾರೆ.

“ಇನ್ನ ನನ್ನ ಕೈಯಾಗ ಏನಿಲ್ಲರಿ,” ಎನ್ನುತ್ತಾರೆ. “ಪಾಳಿ ಆಕೀದು.”